ಕಡಲೊಳಗಿನ ಬೆಳಕಿಗೆ ಅಳತೆಗೋಲು

ರಾಜಧಾನಿಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ಕನ್ನಡ ಬಂಧುಗಳಲ್ಲಿ ಕರಾವಳಿಯಿಂದ ಬಂದವರ ಸಂಖ್ಯೆ ಸಣ್ಣದಲ್ಲ. ಕುಂದಾಪುರ, ಉಡುಪಿ, ಮಂಗಳೂರು, ಹೊನ್ನಾವರ, ಕಾರವಾರ ಎಂದೊಡನೆ ಇವರ ಕಣ್ಣ ಮುಂದೆ ಬಂದು ನಿಲ್ಲುವುದು ಕಡಲು. ಆ ಕಡಲಿನ ಮೇಲ್ಮೈಯನ್ನು ಇವರು ಚೆನ್ನಾಗಿ ಬಲ್ಲರು. ಆಷಾಢದಲ್ಲಿ ಅದು ಹೇಗೆ ಮೊರೆಯುತ್ತದೆ, ಮಾಘದ ಬೆಳಗಿನಲ್ಲಿ ಹೇಗೆ ಅಲುಗಾಡದೆ ಮಲಗಿರುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ನೀರಿನೊಳಗೆ ಎರಡು ಮಾರು, ಐದು ಮಾರು, ಹತ್ತು ಮಾರು ಕೆಳಗೆ, ನಡುಹಗಲಿನಲ್ಲಿ ಎಷ್ಟು ಬೆಳಕಿರುತ್ತದೆ? ಈ ಪ್ರಶ್ನೆಗೆ ಲೆಕ್ಕ ಸಹಿತ ಉತ್ತರ ಕೊಡಬಲ್ಲವರು ಬಹು ವಿರಳ.

ಇದು ಬರಿಯ ಕುತೂಹಲದ ಪ್ರಶ್ನೆಯೆಂದು ಯಾರೂ ಭಾವಿಸಬಾರದು. ನೆಲದ ಮೇಲೆ ಹುಲ್ಲಿಲ್ಲದೆ ಹಸುವಿಲ್ಲ. ಅಂತೆಯೇ ಕಡಲಿನಲ್ಲಿ ಬರಿಗಣ್ಣಿಗೆ ಕಾಣದ ತೇಲುಸಸ್ಯಗಳಿಲ್ಲದೆ ಮೀನಿಲ್ಲ. ನಮ್ಮ ಕರಾವಳಿಯ ಬಡವರ ಅನ್ನದ ಜೊತೆಗಾರನಾದ ಬೂತಾಯಿ ಮೀನು ಡಯಾಟಮ್ ಎಂಬ ಈ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿಂದು ಬದುಕುತ್ತದೆಂಬುದನ್ನು, ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ 1920ರ ದಶಕದಲ್ಲಿಯೇ ಆ ಪ್ರಾಂತದ ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ಅವರ ಸಹೋದ್ಯೋಗಿಗಳು ಬರೆದಿಟ್ಟಿದ್ದಾರೆ. ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತದೆ, ಸಣ್ಣ ಮೀನು ಸಸ್ಯವನ್ನು ತಿನ್ನುತ್ತದೆ, ಸಸ್ಯವೋ ಸೂರ್ಯನ ಬೆಳಕನ್ನು ತಿನ್ನುತ್ತದೆ. ಐ.ಎನ್.ಎ. ಮಾರುಕಟ್ಟೆಯಲ್ಲಿ ಬಂಗುಡೆಯ ಬೆಲೆ ಕೇಳಿ ಬರಿಗೈಯಲ್ಲಿ ಹಿಂದಿರುಗುವ ನಮ್ಮ ಗೆಳೆಯರು ಈ ಸರಪಳಿಯ ತುದಿಯನ್ನಷ್ಟೇ ಕಾಣುತ್ತಾರೆ. ಅದರ ಬುಡವಿರುವುದು ನೀರಿನೊಳಗೆ ಇಳಿಯುವ ಬಿಸಿಲಿನಲ್ಲಿ.

ಹಾಲು ಮತ್ತು ಡಿಕಾಕ್ಷನ್

ನೀರು ಬೆಳಕನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಹೋಟೆಲಿನ ಅಡುಗೆಮನೆ ಸಾಕು. ಮೂರು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಪ್ರತಿಯೊಂದರ ತಳದಲ್ಲಿ ಒಂದು ರೂಪಾಯಿಯ ನಾಣ್ಯವನ್ನಿಡಿ. ಒಂದನ್ನು ಹಾಗೆಯೇ ಬಿಟ್ಟು, ಎರಡನೆಯದಕ್ಕೆ ಕೆಲವು ತೊಟ್ಟು ಹಾಲನ್ನೂ ಮೂರನೆಯದಕ್ಕೆ ಕಾಫಿಯ ಡಿಕಾಕ್ಷನ್ನನ್ನೂ ಹಾಕಿ ಮೇಲಿನಿಂದ ನೋಡಿ. ಎರಡರಲ್ಲಿಯೂ ನಾಣ್ಯ ಮಸುಕಾಗುತ್ತದೆ, ಆದರೆ ಕಾರಣ ಒಂದೇ ಅಲ್ಲ. ಹಾಲಿನ ಕಣಗಳು ಬೆಳಕನ್ನು ದಿಕ್ಕುಗೆಡಿಸಿ ನಾಲ್ಕೂ ಕಡೆಗೆ ಚದರಿಸುತ್ತವೆ. ಆದುದರಿಂದಲೇ ಲೋಟ ಬೆಳ್ಳಗೆ ಕಾಣುತ್ತದೆ. ಡಿಕಾಕ್ಷನ್ ಬೆಳಕನ್ನು ಹೀರಿ ನುಂಗಿಬಿಡುತ್ತದೆ; ಆದುದರಿಂದ ಲೋಟ ಕಪ್ಪಾಗುತ್ತದೆ.

ಕರಾವಳಿಯ ಕಡಲಿನಲ್ಲಿ ಈ ಎರಡೂ ಏಕಕಾಲಕ್ಕೆ ನಡೆಯುತ್ತವೆ. ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಘಟ್ಟದಿಂದ ಇಳಿದು ಬರುವಾಗ ಕೆಮ್ಮಣ್ಣಿನ ಹೂಳನ್ನು ತರುತ್ತವೆ; ಇದು ನಮ್ಮ ಹಾಲು. ಅದೇ ನದಿಗಳು ಕಾಡಿನಲ್ಲಿ ಕೊಳೆತ ಎಲೆಗಳ ಹಳದಿ ಒಗರನ್ನು ಕರಗಿಸಿಕೊಂಡು ತರುತ್ತವೆ, ಇದು ಡಿಕಾಕ್ಷನ್. ಇವೆರಡರ ನಡುವೆ ತೇಲುಸಸ್ಯಗಳೂ ತಮ್ಮ ಪಾಲಿನ ನೀಲಿಯನ್ನೂ ಕೆಂಪನ್ನೂ ಹೀರಿಕೊಳ್ಳುತ್ತವೆ. ಇಷ್ಟು ಸಾಲದೆಂಬಂತೆ ಶುದ್ಧವಾದ ನೀರು ತಾನೇ ಕೆಂಪು ಬೆಳಕಿನ ಶತ್ರು. ಕೆಲವೇ ಮಾರುಗಳೊಳಗೆ ಕೆಂಪು ಬಣ್ಣವೆಂಬುದೇ ಉಳಿಯುವುದಿಲ್ಲ. ಹೀಗೆ ಎಲ್ಲರೂ ತಮಗೆ ಬೇಕಾದುದನ್ನು ತೆಗೆದುಕೊಂಡ ಬಳಿಕ ಆಳಕ್ಕೆ ಇಳಿಯುವುದು ಹಸುರು ಬೆಳಕು ಮಾತ್ರ. ನಡುಗಡಲು ನೀಲಿಯಾಗಿಯೂ ನಮ್ಮ ತೀರದ ನೀರು ಹಸುರಾಗಿಯೂ ಕಾಣುವುದಕ್ಕೆ ಇದೇ ಕಾರಣ.

ಇನ್ನು ಗುಮಾಸ್ತ ಮಿತ್ರರಿಗೆ ಪರಿಚಿತವಾದ ಒಂದು ಲೆಕ್ಕವುಂಟು. ಕಚೇರಿಯ ಯಂತ್ರಗಳಿಗೂ ಪೀಠೋಪಕರಣಗಳಿಗೂ ವರ್ಷವರ್ಷವೂ ಸವಕಳಿ ಕಳೆಯುವುದುಂಟಷ್ಟೆ. ಮೂಲ ಬೆಲೆಯ ಮೇಲಲ್ಲ, ಉಳಿದ ಬೆಲೆಯ ಮೇಲೆ ಶೇಕಡಾ ಇಷ್ಟೆಂದು ಕಳೆಯುವ ಪದ್ಧತಿಯಿದೆ. ಬೆಳಕಿನ ಸವಕಳಿಯೂ ಹಾಗೆಯೇ, ವರ್ಷದ ಬದಲು ಮೀಟರಿನ ಲೆಕ್ಕದಲ್ಲಿ. ಫ್ರಾನ್ಸಿನ ಬೂಗೇ ಎಂಬ ಪಂಡಿತನು 1729ರಲ್ಲಿಯೇ ಈ ನಿಯಮವನ್ನು ಕಂಡುಕೊಂಡಿದ್ದನು. ಪ್ರತಿ ಮೀಟರು ಶೇಕಡಾ 30ರಷ್ಟು ಬೆಳಕನ್ನು ಕಳೆಯುವ ನೀರಿನಲ್ಲಿ ಮೇಲ್ಮೈಯ ನೂರು ಪೈಸೆ ಒಂದು ಮೀಟರಿನಲ್ಲಿ 70 ಪೈಸೆ, ಎರಡನೆಯದರಲ್ಲಿ 49, ಮೂರನೆಯದರಲ್ಲಿ ಸುಮಾರು 34 ಪೈಸೆಯಾಗುತ್ತದೆ. ಹತ್ತು ಮೀಟರಿನಲ್ಲಿ ಮೂರು ಪೈಸೆಗೂ ಕಡಿಮೆ. ಹದಿಮೂರರಲ್ಲಿ ಒಂದು ಪೈಸೆಗಿಂತ ತುಸು ಕಡಿಮೆ. ನೂರರಲ್ಲಿ ಒಂದು ಪಾಲು ಬೆಳಕು ಉಳಿಯುವ ಈ ಆಳವನ್ನೇ ತೇಲುಸಸ್ಯಗಳ ಜೀವನದ ಗಡಿಯೆಂದು ವಿಜ್ಞಾನಿಗಳು ಸ್ಥೂಲವಾಗಿ ಇಟ್ಟುಕೊಂಡಿದ್ದಾರೆ. ಅದರ ಕೆಳಗೆ ಸಸ್ಯದ ಸಂಪಾದನೆ ಅದರ ಖರ್ಚಿಗೆ ಸಾಲದು.

ಈಗ ಅದೇ ನೀರಿಗೆ ಹೂಳು ಹೆಚ್ಚಿ, ಸವಕಳಿ ಶೇಕಡಾ 30ರಿಂದ 50ಕ್ಕೆ ಏರಿತೆನ್ನೋಣ. ಗಡಿ ಹದಿಮೂರು ಮೀಟರಿನಿಂದ ಏಳು ಮೀಟರಿನೊಳಕ್ಕೆ ಬಂದುಬಿಡುತ್ತದೆ. ಹತ್ತು ಮೀಟರು ಆಳದ ತಳದಲ್ಲಿ ಬಂಡೆಗೆ ಅಂಟಿ ಬದುಕಿದ್ದ ಕಡಲಪಾಚಿಗೆ ಮೂರು ಪೈಸೆಯ ಬದಲು ಹತ್ತರಲ್ಲೊಂದು ಪೈಸೆ. ದಂಡೆಯಲ್ಲಿ ನಿಂತು ನೋಡುವವನಿಗೆ ನೀರು ತುಸು ಬಗ್ಗಡವಾಗಿದೆ ಎಂದಷ್ಟೇ ಕಾಣುವುದು. ಕೆಳಗೆ ಮಾತ್ರ ಒಂದು ಇಡೀ ತೋಟ ಕತ್ತಲಾಗಿರುತ್ತದೆ. ಕಣ್ಣಿನ ಅಂದಾಜನ್ನು ನೆಚ್ಚದೆ ಅಳತೆ ಮಾಡಬೇಕೆಂಬುದು ಇದಕ್ಕಾಗಿಯೇ.

ಪಾದ್ರಿಯ ಬಿಳಿಯ ತಟ್ಟೆ

ಅಳತೆಯ ಕಥೆ ಆರಂಭವಾಗುವುದು ಇಟಲಿಯಲ್ಲಿ. ರೋಮಿನ ಪಾದ್ರಿಯೂ ಖಗೋಳ ವಿಜ್ಞಾನಿಯೂ ಆಗಿದ್ದ ಆಂಜೆಲೊ ಸೆಕ್ಕಿ ಎಂಬವರು ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ವರ್ಗೀಕರಿಸಿ ಕೀರ್ತಿ ಪಡೆದವರು. ಪೋಪರ ನೌಕಾದಳದ ಚಿಯಾಲ್ದಿ ಎಂಬ ಅಧಿಕಾರಿ 1865ರಲ್ಲಿ ಅವರನ್ನು ಕರೆದು, ಸಮುದ್ರದ ನೀರು ಎಷ್ಟು ತಿಳಿಯಾಗಿದೆ ಎಂಬುದನ್ನು ಪರೀಕ್ಷಿಸಲು ಕೇಳಿಕೊಂಡನು. ಆ ವರ್ಷದ ಏಪ್ರಿಲಿನಲ್ಲಿ ಪೋಪರ ಹಡಗಿನಿಂದಲೇ ಬೇರೆ ಬೇರೆ ಗಾತ್ರದ, ಬೇರೆ ಬೇರೆ ಬಣ್ಣದ ತಟ್ಟೆಗಳನ್ನು ಹಗ್ಗಕ್ಕೆ ಕಟ್ಟಿ ಮೆಡಿಟರೇನಿಯನ್ ಸಮುದ್ರದಲ್ಲಿ ಇಳಿಸಲಾಯಿತು. ತಟ್ಟೆ ಕಣ್ಮರೆಯಾದೊಡನೆ ಹಗ್ಗದ ಉದ್ದವನ್ನು ಗುರುತು ಹಾಕಿಕೊಳ್ಳುವುದು, ಅಷ್ಟೇ ವಿಧಾನ. ನಕ್ಷತ್ರಗಳನ್ನು ಅಳೆದ ಮನುಷ್ಯನಿಗೆ ಶಾಶ್ವತ ಹೆಸರು ತಂದದ್ದು ಈ ತಟ್ಟೆ! ಇಂದಿಗೂ ಜಗತ್ತಿನ ಎಲ್ಲ ಸಮುದ್ರ ವಿಜ್ಞಾನಿಗಳೂ ಅದನ್ನು ಸೆಕ್ಕಿ ತಟ್ಟೆಯೆಂದೇ ಕರೆಯುತ್ತಾರೆ.

ಕಡಲಿಗೆ ಸಾಮಾನ್ಯವಾಗಿ 30 ಸೆಂಟಿಮೀಟರು ಅಗಲದ ಅಚ್ಚ ಬಿಳಿಯ ತಟ್ಟೆಯನ್ನು ಬಳಸುತ್ತಾರೆ. ಕೆರೆ ಸರೋವರಗಳಿಗೆ, 1899ರಲ್ಲಿ ಅಮೆರಿಕದ ವಿಪಲ್ ಎಂಬವರು ತಿದ್ದಿದ ಮಾದರಿಯಂತೆ, ನಾಲ್ಕು ಹೋಳುಗಳಲ್ಲಿ ಕಪ್ಪುಬಿಳುಪು ಬಳಿದ 20 ಸೆಂಟಿಮೀಟರಿನ ತಟ್ಟೆ ಬಳಕೆಯಲ್ಲಿದೆ. ದಕ್ಷಿಣ ಧ್ರುವದ ಬಳಿಯ ವೆಡೆಲ್ ಸಮುದ್ರದಲ್ಲಿ 1986ರಲ್ಲಿ ಇಳಿಸಿದ ತಟ್ಟೆ ಸುಮಾರು 80 ಮೀಟರಿನವರೆಗೂ ಕಾಣುತ್ತಿತ್ತೆಂದು ದಾಖಲೆಯುಂಟು. ಮಳೆಗಾಲದಲ್ಲಿ ನಮ್ಮ ನದಿಗಳ ಅಳಿವೆಯಲ್ಲಿ ಇಳಿಸಿದರೆ ಒಂದೆರಡು ಮೊಳ ಹೋಗುವುದರೊಳಗೆ ಮರೆಯಾದರೂ ಆಶ್ಚರ್ಯವಿಲ್ಲ. ಯಮುನೆಯ ವಿಚಾರವನ್ನು ದೆಹಲಿಯ ಓದುಗರಿಗೆ ಹೇಳಬೇಕಾಗಿಲ್ಲ. ಅಲ್ಲಿ ತಟ್ಟೆ ಇಳಿಸುವ ಮೊದಲು ನೊರೆಯನ್ನು ಸರಿಸಬೇಕಾದೀತು.

ತಟ್ಟೆ ಮರೆಯಾದ ಆಳದಿಂದ ಬೆಳಕಿನ ಸವಕಳಿಯನ್ನು ಲೆಕ್ಕ ಹಾಕುವ ಸೂತ್ರವನ್ನು 1929ರಲ್ಲಿ ಪೂಲ್ ಮತ್ತು ಅಟ್ಕಿನ್ಸ್ ಎಂಬವರು ಇಂಗ್ಲೆಂಡಿನ ಪ್ಲಿಮತ್ತಿನಿಂದ ಹೊರಟು ಇಂಗ್ಲಿಷ್ ಕಾಲುವೆಯಲ್ಲಿ ಮಾಡಿದ ಪ್ರಯೋಗಗಳಿಂದ ಕೊಟ್ಟರು. 1.7ನ್ನು ತಟ್ಟೆಯ ಆಳದಿಂದ ಭಾಗಿಸಿದರೆ ನೀರಿನ ಬೆಳಕು ಕಳೆಯುವ ಗುಣಾಂಕ ದೊರೆಯುತ್ತದೆ. ಇದರ ಪ್ರಕಾರ ತಟ್ಟೆ ಮೂರು ಮೀಟರಿನಲ್ಲಿ ಮರೆಯಾದರೆ ನೂರರಲ್ಲೊಂದು ಬೆಳಕಿನ ಗಡಿ ಸುಮಾರು ಎಂಟು ಮೀಟರಿನಲ್ಲಿದೆ. ಆದರೆ ಕ್ಯಾಲಿಫೋರ್ನಿಯಾದ ಬಗ್ಗಡ ನೀರಿನಲ್ಲಿ ಪರೀಕ್ಷಿಸಿದ ಹೋಮ್ಸ್ ಎಂಬವರು 1970ರಲ್ಲಿ, ಕರಾವಳಿಗೆ 1.7 ಹೊಂದದು, 1.44 ಸರಿ ಎಂದರು. ಆಗ ಅದೇ ಗಡಿ ಒಂಬತ್ತೂವರೆ ಮೀಟರಿಗೆ ಇಳಿಯುತ್ತದೆ. ಒಂದೂವರೆ ಮೀಟರಿನ ಈ ವ್ಯತ್ಯಾಸ ತಟ್ಟೆಯ ತಪ್ಪಲ್ಲ. ಹೂಳು ಹೆಚ್ಚಿದ ನೀರಿನಲ್ಲಿ ಚದರಿದ ಬೆಳಕು ತಟ್ಟೆಯನ್ನು ಬೇಗ ಮಸುಕುಗೊಳಿಸುತ್ತದೆ, ಆದರೆ ಅಷ್ಟೇ ಬೇಗ ಸಾಯುವುದಿಲ್ಲ. ಸುತ್ತಿ ಬಳಸಿಯಾದರೂ ಕೆಳಗೆ ಇಳಿಯುತ್ತದೆ. ಹಾಲಿನ ಲೋಟಕ್ಕೂ ಡಿಕಾಕ್ಷನ್ ಲೋಟಕ್ಕೂ ಇರುವ ಭೇದವೇ ಇಲ್ಲಿಯೂ ಇದೆ.

ಈ ಅನಿಶ್ಚಯವನ್ನು ಕಳೆಯಲು ಬಂದವು ವಿದ್ಯುತ್ ಉಪಕರಣಗಳು. ಬೆಳಕು ಬಿದ್ದೊಡನೆ ವಿದ್ಯುತ್ತನ್ನು ಹೊರಡಿಸುವ ಕೋಶವೊಂದನ್ನು ನೀರು ಹೊಗದ ಪೆಟ್ಟಿಗೆಯಲ್ಲಿಟ್ಟು, ಮೇಲೆ ಹಾಲುಗಾಜನ್ನು ಮುಚ್ಚಿ ಆಳಕ್ಕಿಳಿಸುತ್ತಾರೆ. ಮೊದಮೊದಲು ಸೆಲೆನಿಯಂ ಕೋಶಗಳಿದ್ದವು. ಈಗ ಸಿಲಿಕಾನ್ ಕೋಶಗಳಿವೆ. ನಡುಹಗಲಿನ ತೀಕ್ಷ್ಣ ಬಿಸಿಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಪ್ರತಿ ಸೆಕೆಂಡಿಗೆ ಸಸ್ಯಕ್ಕೆ ಉಪಯೋಗವಾಗುವ ಬೆಳಕಿನ ಕಣಗಳು ಸುಮಾರು 2000 ಮೈಕ್ರೋಮೋಲಿನಷ್ಟು ಬೀಳುತ್ತವೆ. ಕೋಶವು ಆಳ ಆಳಕ್ಕೆ ಈ ಸಂಖ್ಯೆ ಎಷ್ಟಕ್ಕಿಳಿಯಿತೆಂದು ತೋರಿಸುತ್ತದೆ.

ಕೇಳಲು ಸುಲಭ, ಮಾಡಲು ಕಷ್ಟ. ದೋಣಿಯ ನೆರಳು ಉಪಕರಣದ ಮೇಲೆ ಬೀಳದಂತೆ ಬಿಸಿಲಿನ ಮಗ್ಗುಲಿನಲ್ಲಿ, ದೂರಕ್ಕೆ ಚಾಚಿ ಇಳಿಸಬೇಕು. ಅಲೆಗಳು ಭೂತಗನ್ನಡಿಯಂತೆ ಬಿಸಿಲನ್ನು ಒಂದು ಕ್ಷಣ ಕೂಡಿಸಿ ಮರುಕ್ಷಣ ಚೆಲ್ಲುವುದರಿಂದ ಮೇಲಿನ ಕೆಲವು ಮೀಟರುಗಳಲ್ಲಿ ಸೂಚಕವು ನಿಂತಲ್ಲಿ ನಿಲ್ಲುವುದಿಲ್ಲ. ಅಳೆಯುತ್ತಿರುವಾಗಲೇ ಮೋಡವೊಂದು ಹಾಯ್ದು ಹೋದರೆ ಕಡಿಮೆಯಾದದ್ದು ಮೋಡದಿಂದಲೋ ನೀರಿನಿಂದಲೋ ತಿಳಿಯದು; ಆದುದರಿಂದ ದೋಣಿಯ ಮೇಲೆ ಎರಡನೆಯ ಕೋಶವೊಂದನ್ನಿಟ್ಟು ಎರಡನ್ನೂ ಒಟ್ಟಿಗೆ ಬರೆದುಕೊಳ್ಳಬೇಕು. ಉಪಕರಣವನ್ನು ತಿಂಗಳುಗಟ್ಟಲೆ ನೀರಿನಲ್ಲಿಯೇ ಬಿಟ್ಟರಂತೂ, ದೋಣಿಯ ಅಡಿಗೆ ಹತ್ತುವ ಪಾಚಿಯೂ ಚಿಪ್ಪಿನ ಜೀವಿಗಳೂ ಗಾಜಿನ ಕಣ್ಣನ್ನೇ ಮುಚ್ಚುತ್ತವೆ. ಕಡಲು ಕತ್ತಲಾಯಿತೆಂದು ಉಪಕರಣ ವರದಿ ಮಾಡುತ್ತದೆ. ಕತ್ತಲಾದದ್ದು ಅದರ ಕಣ್ಣು. ಇದಕ್ಕಾಗಿ ಗಾಜನ್ನು ಆಗಾಗ ಒರೆಸುವ ಪುಟ್ಟ ಕುಂಚಗಳನ್ನೂ ತಾಮ್ರದ ಮುಚ್ಚಳಗಳನ್ನೂ ಜೋಡಿಸುತ್ತಾರೆ.

ಹಡಗಿನ ಅಟ್ಟದಿಂದ ಪೂಸಾದವರೆಗೆ

ಸಮುದ್ರದ ಬೆಳಕಿನ ವಿಚಾರದಲ್ಲಿ ಭಾರತದ ಹೆಸರನ್ನು ಜಗತ್ತಿಗೆ ಕೇಳಿಸಿದವರು ಸರ್ ಸಿ. ವಿ. ರಾಮನ್. ಕಡಲಿನ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೆಂದು ಲಾರ್ಡ್ ರೇಲಿಯವರಂಥ ಮೇಧಾವಿಗಳೇ ನಂಬಿದ್ದ ಕಾಲವದು. 1921ರಲ್ಲಿ ಆಕ್ಸ್‌ಫರ್ಡಿನ ವಿಶ್ವವಿದ್ಯಾಲಯಗಳ ಸಮ್ಮೇಲನಕ್ಕೆ ಹೋಗಿದ್ದ ರಾಮನ್ನರು ಮೆಡಿಟರೇನಿಯನ್ನಿನ ಗಾಢ ನೀಲಿಯನ್ನು ಕಂಡು, ಹಿಂದಿರುಗುವಾಗ ‘ನರ್ಕುಂಡ’ ಎಂಬ ಹಡಗಿನ ಅಟ್ಟದ ಮೇಲೆ ನಿಂತು, ನಿಕೋಲ್ ಪಟ್ಟಕವೆಂಬ ಸಣ್ಣ ಸ್ಫಟಿಕದ ಮೂಲಕ ನೀರನ್ನು ನೋಡಿದರು. ಆ ಸ್ಫಟಿಕವನ್ನು ತಕ್ಕ ಕೋನದಲ್ಲಿ ತಿರುಗಿಸಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕು ಅಳಿದುಹೋಗುತ್ತದೆ. ಆದರೂ ನೀಲಿ ಅಳಿಯಲಿಲ್ಲ; ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದರಿಸಿ ನೀಲಿಯನ್ನು ಹೊರಗೆ ಕಳಿಸುತ್ತಿವೆಯೆಂದು ಅವರು ಬರೆದ ಪತ್ರ, ಹಡಗು ಮುಂಬಯಿ ಬಂದರಿನಲ್ಲಿದ್ದಾಗ, ಸೆಪ್ಟೆಂಬರ್ 26ರ ತಾರೀಖು ಹೊತ್ತು ಲಂಡನ್ನಿನ ‘ನೇಚರ್’ ಪತ್ರಿಕೆಗೆ ಹೋಯಿತು. ಅಂಗೈಯಲ್ಲಿ ಹಿಡಿಯುವ ಒಂದು ಸ್ಫಟಿಕದಿಂದ ನಡೆದ ಕೆಲಸವಿದು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ನರು 1970ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ನೆಲೆಸಿ ನಮ್ಮವರೇ ಆಗಿಹೋದರೆಂಬುದು ಕನ್ನಡಿಗರ ಹೆಮ್ಮೆ.

ಅವರ ಶಿಷ್ಯರಾಗಿ 1928ರ ಮಹಾಶೋಧದಲ್ಲಿ ಕೈಜೋಡಿಸಿದ್ದ ಕೆ. ಎಸ್. ಕೃಷ್ಣನ್ನರು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. 1947ರ ಜನವರಿಯಲ್ಲಿ ಪಂಡಿತ ನೆಹರೂ ಅವರಿಂದ ಅಡಿಗಲ್ಲು ಪಡೆದು 1950ರ ಜನವರಿಯಲ್ಲಿ ಸರ್ದಾರ್ ಪಟೇಲರಿಂದ ಉದ್ಘಾಟನೆಗೊಂಡ ಈ ಸಂಸ್ಥೆ ಪೂಸಾದಲ್ಲಿ, ಕೃಷ್ಣನ್ನರ ಹೆಸರನ್ನೇ ಹೊತ್ತ ರಸ್ತೆಯಲ್ಲಿದೆ. ಕರೋಲ್ ಬಾಗಿನ ನಮ್ಮ ಹೋಟೆಲ್ ಬಂಧುಗಳಿಗೆ ಅದು ದೂರವೇನಲ್ಲ. ದೇಶದ ಮೀಟರು, ಕಿಲೋಗ್ರಾಮು, ಸೆಕೆಂಡುಗಳಂತೆಯೇ ಬೆಳಕಿನ ಮಾನವಾದ ಕ್ಯಾಂಡೆಲಾವನ್ನು ಕಾಪಾಡಿಕೊಂಡು ಬರುವ ಹೊಣೆಯೂ ಇದರದೇ. ಕಡಲಿಲ್ಲದ ಊರಿನಲ್ಲಿ ಕುಳಿತು ಕಡಲ ಬೆಳಕಿನ ಮಾತೇಕೆ ಎನ್ನುವವರಿಗೆ ಇದೇ ಉತ್ತರ: ತೂಕದ ಬಟ್ಟು ಸರಿಯಿಲ್ಲದೆ ಅಂಗಡಿ ನಡೆಯದು, ಬೆಳಕಿನ ಬಟ್ಟು ಇರುವುದು ದೆಹಲಿಯಲ್ಲಿ. ಒಂದು ಸ್ವಾರಸ್ಯವನ್ನೂ ಹೇಳಿಬಿಡಬಹುದು. 1979ರಿಂದ ಕ್ಯಾಂಡೆಲಾವನ್ನು ನಿರೂಪಿಸುವುದು ನಮ್ಮ ಕಣ್ಣಿಗೆ ಅತ್ಯಂತ ಹಿತವಾದ ಹಸುರು ಬೆಳಕಿನ ಮೇಲೆ. ಕರಾವಳಿಯ ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯುವುದೂ ಹೆಚ್ಚುಕಡಿಮೆ ಅದೇ ಹಸುರು.

ಆಕಾಶದಿಂದ ನೋಡಿದರೂ ಸಾಲದು

ಈಗ ಕೃತಕ ಉಪಗ್ರಹಗಳ ಯುಗ. ಸಮುದ್ರದ ಬಣ್ಣವನ್ನು ಅಳೆಯುವ ಉಪಕರಣವನ್ನು ಅಮೆರಿಕನ್ನರು 1978ರಲ್ಲಿ ಮೇಲಕ್ಕೆ ಕಳಿಸಿದರು. ನಮ್ಮ ಇಸ್ರೋ ಸಂಸ್ಥೆ 1999ರ ಮೇ 26ರಂದು ಓಷನ್‌ಸ್ಯಾಟ್ ಉಪಗ್ರಹವನ್ನೂ 2009ರಲ್ಲಿ ಎರಡನೆಯದನ್ನೂ ಹಾರಿಸಿತು. 2022ರ ನವೆಂಬರ್ 26ರಂದು ಹಾರಿದ ಮೂರನೆಯದು ಬೆಳಕನ್ನು ಹದಿಮೂರು ಬಣ್ಣದ ಪಟ್ಟಿಗಳಾಗಿ ಬಿಡಿಸಿ ನೋಡಬಲ್ಲದು. ಹೈದರಾಬಾದಿನಲ್ಲಿರುವ ಸಮುದ್ರ ಮಾಹಿತಿ ಕೇಂದ್ರವು ಉಪಗ್ರಹಗಳು ತಿಳಿಸುವ ನೀರಿನ ಬಣ್ಣ ಮತ್ತು ಶಾಖವನ್ನು ನೋಡಿ, ಮೀನು ದೊರೆಯಬಹುದಾದ ಜಾಗಗಳ ಸೂಚನೆಯನ್ನು ಮೀನುಗಾರರಿಗೆ ಕಳುಹಿಸುತ್ತದೆ. ಈ ಕೇಂದ್ರ ಸೇರಿರುವ ಭೂವಿಜ್ಞಾನ ಸಚಿವಾಲಯ ಲೋಧಿ ರಸ್ತೆಯ ಪೃಥ್ವಿ ಭವನದಲ್ಲಿದೆಯೆಂಬುದು ಆ ದಾರಿಯಲ್ಲಿ ನಿತ್ಯ ಓಡಾಡುವ ಗುಮಾಸ್ತರಿಗೆ ತಿಳಿದ ವಿಷಯ.

ಆದರೆ ಉಪಗ್ರಹದ ಕಣ್ಣಿಗೂ ದೊಡ್ಡದೊಂದು ತೊಡಕುಂಟು. ಅದು ಸಮುದ್ರದ ಮೇಲೆ ಕಾಣುವ ಬೆಳಕಿನಲ್ಲಿ ಬಹುಪಾಲು, ನೂರಕ್ಕೆ ಎಂಬತ್ತು ತೊಂಬತ್ತು ಪಾಲು, ನಡುವಣ ಗಾಳಿಯಿಂದ ಬಂದದ್ದು. ನೀರಿನಿಂದ ಬಂದದ್ದು ಉಳಿದ ಹತ್ತಿಪ್ಪತ್ತು. ಈ ಚಿಲ್ಲರೆಯಿಂದಲೇ ಎಲ್ಲ ಲೆಕ್ಕವೂ ಆಗಬೇಕು. ನಡುಗಡಲಿನಲ್ಲಿ ಬಣ್ಣ ಬದಲಾದರೆ ಅದು ತೇಲುಸಸ್ಯದಿಂದಲೇ ಎನ್ನಬಹುದು. ತೀರದಲ್ಲಿ ಹಾಗೆನ್ನಲಾಗದು, ಸಸ್ಯ, ಹೂಳು, ಕಾಡಿನ ಒಗರು ಮೂರೂ ಸೇರಿ ಬಣ್ಣವನ್ನು ಕೆಡಿಸಿರುತ್ತವೆ. ಮೊರೆಲ್ ಮತ್ತು ಪ್ರಿಯರ್ ಎಂಬ ಫ್ರೆಂಚ್ ವಿಜ್ಞಾನಿಗಳು 1977ರಲ್ಲಿ ಈ ಎರಡು ಬಗೆಯ ನೀರನ್ನು ಬೇರೆ ಬೇರೆಯಾಗಿಯೇ ಪರಿಗಣಿಸಬೇಕೆಂದು ತೋರಿಸಿದರು. ಉಪಗ್ರಹದ ಲೆಕ್ಕವನ್ನು ಒರೆಗೆ ಹಚ್ಚಲು ಇಸ್ರೋದವರು ಲಕ್ಷದ್ವೀಪದ ಕವರತ್ತಿಯ ಬಳಿ ಬೆಳಕು ಅಳೆಯುವ ತೇಲುಬುರುಡೆಯನ್ನು ನಿಲ್ಲಿಸಿದರು. ಅಲ್ಲಿಯ ನೀರು ತಿಳಿನೀರು. ಮಲ್ಪೆಯ, ಹೊನ್ನಾವರದ ಬಗ್ಗಡ ನೀರಿನ ಒರೆಗಲ್ಲು ಅಲ್ಲಿ ಸಿಗಲಾರದು. ಮೀನುಗಾರನ ಬದುಕಿಗೆ ಅತಿ ಸಮೀಪವಾದ ನೀರೇ ಅಳತೆಗೆ ಅತಿ ಕಷ್ಟವಾದ ನೀರಾಗಿರುವುದು ದುರ್ದೈವವೇ ಸರಿ. ಇಲ್ಲಿ ಯಾರಾದರೂ ದೋಣಿಯಲ್ಲಿ ಹೋಗಿ ಇಳಿಸಿಯೇ ನೋಡಬೇಕು.

ನಮ್ಮ ಪಶ್ಚಿಮ ತೀರದಲ್ಲಿ ಈ ಅಳತೆಗೆ ಇನ್ನೊಂದು ಮಹತ್ವವಿದೆ. ನೈರುತ್ಯ ಮಳೆಗಾಲದಲ್ಲಿ ಕೆಳಗಿನ ತಣ್ಣನೆಯ ನೀರು ತೀರದತ್ತ ಮೇಲೆದ್ದು ಸಸ್ಯಗಳಿಗೆ ಬೇಕಾದ ಗೊಬ್ಬರವನ್ನು ತರುತ್ತದೆ. ಅದೇ ತಿಂಗಳುಗಳಲ್ಲಿ ಮೋಡ ಬಿಸಿಲನ್ನು ತಡೆಯುತ್ತದೆ, ನದಿ ಹೂಳನ್ನು ಚೆಲ್ಲುತ್ತದೆ. ಗೊಬ್ಬರವಿದ್ದಾಗ ಬೆಳಕಿಲ್ಲ, ಬೆಳಕಿದ್ದಾಗ ಗೊಬ್ಬರವಿಲ್ಲ ಎಂಬಂಥ ಈ ಜಗ್ಗಾಟದಲ್ಲಿ ಎರಡೂ ಕೂಡಿಬರುವ ವಾರಗಳ ಮೇಲೆ ಸಸ್ಯಗಳ ಬೆಳೆ ನಿಂತಿದೆ, ಅದರ ಮೇಲೆ ಬೂತಾಯಿಯ ಬೆಳೆ. ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವ ಕಾಲವೂ ಇದೇ ಆದುದರಿಂದ, ಅತಿ ಮುಖ್ಯವಾದ ದಿನಗಳಲ್ಲಿಯೇ ಕಡಲಿನ ಮೇಲೆ ಕಣ್ಣುಗಳು ಕಡಿಮೆ.

2020ರ ಜನವರಿಯಲ್ಲಿ ಕಾರವಾರದ ಮೀನುಗಾರರು ಬಂದರಿನ ವಿಸ್ತರಣೆಯನ್ನು ವಿರೋಧಿಸಿ ಬೀದಿಗಿಳಿದುದು ಓದುಗರಿಗೆ ನೆನಪಿರಬಹುದು. ಅಲ್ಲಿಯ ನ್ಯಾಯ ಅನ್ಯಾಯಗಳನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಬಂದರು ಎಲ್ಲಿಯೇ ಆಗಲಿ, ಹೂಳೆತ್ತುವ ಕೆಲಸ ನಡೆದಲ್ಲೆಲ್ಲ ಎರಡು ಪಕ್ಷಗಳೂ ಗಟ್ಟಿಯಾಗಿ ಮಾತನಾಡುತ್ತವೆ. ನೀರು ಕೆಟ್ಟಿತೆಂದು ಒಬ್ಬರು, ಏನೂ ಆಗಿಲ್ಲವೆಂದು ಮತ್ತೊಬ್ಬರು. ಕೆಲಸಕ್ಕೆ ಮೊದಲಿನ ಐದು ವರ್ಷ ಪ್ರತಿ ತಿಂಗಳೂ ಬೆಳಕು ಎಷ್ಟು ಆಳಕ್ಕೆ ಇಳಿಯುತ್ತಿತ್ತು, ಈಗ ಎಷ್ಟು ಎಂಬ ಪುಸ್ತಕವೊಂದು ಕೈಯಲ್ಲಿದ್ದರೆ ಮಾತು ಅರ್ಧಕ್ಕೇ ಮುಗಿಯುತ್ತದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಗಳ ವಿಷಯವೂ ಹಾಗೆಯೇ. ಹವಳದ ಮೈಯೊಳಗೆ ಬದುಕುವ ಸೂಕ್ಷ್ಮ ಸಸ್ಯಗಳು ಬೆಳಕಿನಿಂದ ಆಹಾರ ಮಾಡಿಕೊಟ್ಟರಷ್ಟೇ ಹವಳ ಉಳಿಯುತ್ತದೆ. ಹಳೆಯ ದಾಖಲೆಗಳ ಬೆಲೆ ಎಂಥದೆಂಬುದಕ್ಕೆ ಉದಾಹರಣೆ ಬೇಕಾದರೆ, 2010ರಲ್ಲಿ ಕೆನಡಾದ ವಿಜ್ಞಾನಿಗಳು 1899ರಿಂದೀಚಿನ ಸೆಕ್ಕಿ ತಟ್ಟೆಯ ಅಳತೆಗಳನ್ನೆಲ್ಲ ಕಲೆಹಾಕಿ, ಜಗತ್ತಿನ ಕಡಲುಗಳಲ್ಲಿ ತೇಲುಸಸ್ಯ ಕಡಿಮೆಯಾಗುತ್ತಿದೆಯೆಂದು ವಾದಿಸಿದರು. ಬೇರೆಯವರು ಅದನ್ನು ಬಲವಾಗಿ ಖಂಡಿಸಿದರು. ವಾದ ಯಾರದೇ ಗೆಲ್ಲಲಿ, ವಾದಿಸಲು ಆಧಾರವೆಂದು ನೂರು ವರ್ಷ ಹಿಂದಿನ ನಾವಿಕರು ಬರೆದಿಟ್ಟ ಅಂಕಿಗಳಿದ್ದವು.

ರಜೆಯಲ್ಲಿ ಊರಿಗೆ ಹೋಗುವವರಲ್ಲಿ ಆಸಕ್ತರಿದ್ದರೆ ತಟ್ಟೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. 30 ಸೆಂಟಿಮೀಟರು ಅಗಲದ ತಗಡಿಗೆ ಹೊಳಪಿಲ್ಲದ ಬಿಳಿಯ ಬಣ್ಣ ಬಳಿದು, ನಡುವೆ ತೂತು ಕೊರೆದು, ಅಡಿಗೆ ಭಾರ ಕಟ್ಟಿ, ಹಿಗ್ಗದ ಹಗ್ಗಕ್ಕೆ ಅರ್ಧರ್ಧ ಮೀಟರಿಗೆ ಗುರುತು ಹಾಕಬೇಕು. ಮಳೆಗಾಲ ಕಳೆದ ಮೇಲೆ, ಅಲೆ ಕಡಿಮೆಯಿರುವ ದಿನ, ದಾರಿ ಬಲ್ಲ ದೋಣಿಯವನೊಡನೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಹೋಗುವುದು ಉತ್ತಮ. ಬೆಳಕಿನ ಕೋಶವನ್ನು ಬಿಸಿಲಿನ ಕಡೆಗೆ ಇಳಿಸಬೇಕೆಂದೆವು. ತಟ್ಟೆಯನ್ನು ಮಾತ್ರ ನೀರಿನ ಹೊಳಪು ಕಣ್ಣಿಗೆ ಹೊಡೆಯದಂತೆ ದೋಣಿಯ ನೆರಳಿನ ಕಡೆಯಿಂದ ಇಳಿಸಬೇಕು. ಮರೆಯಾದ ಆಳವನ್ನೊಮ್ಮೆ, ಮೇಲೆಳೆಯುವಾಗ ಮತ್ತೆ ಕಂಡ ಆಳವನ್ನೊಮ್ಮೆ ನೋಡಿ, ಎರಡರ ಸರಾಸರಿಯನ್ನು ತಾರೀಖು, ಗಂಟೆ, ಜಾಗ, ಮೋಡದ ಸ್ಥಿತಿಗಳೊಡನೆ ಬರೆದಿಡಬೇಕು. ಕಣ್ಣಿಗೆ ಕಪ್ಪು ಕನ್ನಡಕ ಬೇಡ. ಮುಂದಿನ ವರ್ಷದ ರಜೆಯಲ್ಲಿಯೂ ಅದೇ ತಿಂಗಳು, ಅದೇ ಜಾಗದಲ್ಲಿ, ಅದೇ ತಟ್ಟೆಯನ್ನು ಇಳಿಸತಕ್ಕದ್ದು.